ಶೆಲ್ಟರ್‌ನಲ್ಲಿ ಒಬ್ಬರಿಗೆ ಮೂರು ವಾರದಿಂದ ಕೆಮ್ಮು, ಉಳಿದವರು ಹೊರಗೆ ಹಾಕಿ ಅಂತಿದ್ದಾರೆ. ಏನು ಮಾಡಲಿ?

ರಾತ್ರಿಪಾಳಿ · ಸೋಮವಾರ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮಾರ್ಕೆಟ್ ಹತ್ತಿರ ಮನೆ ಇಲ್ಲದವರು ಮಲಗುವ ಒಂದು ಶೆಲ್ಟರ್ ಇದೆ. ಅಲ್ಲಿ ರಾತ್ರಿ ಕೇರ್‌ಟೇಕರ್ ನಾನು. ಗಂಡಸರ ಶೆಲ್ಟರ್. ಹಮಾಲಿಗಳು, ಛತ್ರದಲ್ಲಿ ಬಡಿಸುವವರು, ಚಿಂದಿ ಆಯುವವರು, ಮಕ್ಕಳು ನೋಡಿಕೊಳ್ಳದೆ ಬಿಟ್ಟ ವಯಸ್ಸಾದವರು ಬರುತ್ತಾರೆ. ಇರೋದು ಒಂದೇ ಹಾಲ್. ಹೆಚ್ಚುಕಡಿಮೆ ಒಂದು ತರ್ಟಿ ಫಾರ್ಟಿ ಸೈಟಿನಷ್ಟು. ಮಳೆ ಬಂದ ರಾತ್ರಿ 46 ಜನ ಮಲಗಿದ್ದೂ ಉಂಟು.

ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ. ಎಲ್ಲರೂ ಅಜ್ಜ ಅಂತಲೇ ಕರೆಯುತ್ತೇವೆ. ಮಂಡಿಯಲ್ಲಿ ಮೂಟೆ ಹೊಲಿಯುವ ಕೆಲಸ. ಮೂರು ವಾರದಿಂದ ಕೆಮ್ಮು. ರಾತ್ರಿ ಕೆಮ್ಮು ಬಂದಾಗ ರಗ್ಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡು, ಮೊಣಕಾಲು ಎದೆಗೆ ಎಳೆದುಕೊಂಡು ಕೆಮ್ಮುತ್ತಾರೆ. ಸದ್ದು ಯಾರಿಗೂ ಕೇಳಬಾರದು ಅಂತ. ನಿನ್ನೆ ಪಕ್ಕದಲ್ಲಿ ಮಲಗುವ ಹುಡುಗ ಅವರ ಟವೆಲ್ ಮೇಲೆ ರಕ್ತ ನೋಡಿಬಿಟ್ಟ. ಬೆಳಗ್ಗೆ ಹತ್ತು ಜನ ಒಟ್ಟಿಗೆ ನನ್ನ ಹತ್ತಿರ ಬಂದರು. ಬಾಗಿಲ ಪಕ್ಕ ಒಂದು ಹಳೇ ಬೋರ್ಡ್ ಇದೆ. "ಅಂಟುರೋಗ ಇರುವವರಿಗೆ ಪ್ರವೇಶವಿಲ್ಲ" ಅಂತ. ಅದನ್ನೇ ತೋರಿಸಿ, ಅಜ್ಜನನ್ನು ಕಳಿಸಿ, ಇಲ್ಲದಿದ್ದರೆ ನಾವು ಹೋಗುತ್ತೇವೆ ಅಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿದ್ದಾರೆ. ಆದರೆ ಅಜ್ಜ ಹೋಗೋದು ಎಲ್ಲಿಗೆ? ಫ್ಲೈಓವರ್ ಕೆಳಗೆ ತಾನೇ? ತಿಳಿದವರು ಹೇಳಿ, ನಾಳೆ ಬೆಳಗ್ಗೆ ನಾನು ಮೊದಲು ಏನು ಮಾಡಬೇಕು?

ಹಳೇ_ಸ್ಟಾಫ್‌ನರ್ಸ್
ನಾಳೆ ಬೆಳಗ್ಗೆವರೆಗೂ ಕಾಯೋದು ಬೇಡ ಅಂತ ಹೇಳಬೇಕು ಅನಿಸುತ್ತಿದೆ. ರಕ್ತ ಎಷ್ಟು ಬರುತ್ತಿದೆ? ಕಫದಲ್ಲಿ ಗೆರೆಯ ಹಾಗೆ ಕಂಡರೆ ಬೆಳಗ್ಗೆ ಕರೆದುಕೊಂಡು ಹೋಗಿ. ಬಾಯಿ ತುಂಬ ಬಂದರೆ ಅಥವಾ ಉಸಿರು ಕಟ್ಟಿದರೆ ಈಗಲೇ 108ಕ್ಕೆ ಫೋನ್ ಮಾಡಿ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಟಿಬಿ, ಅಂದರೆ ಕ್ಷಯ ಇದೆಯಾ ಅಂತ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡು ತಗೊಳ್ಳಲ್ಲ. ಎರಡು ಡಬ್ಬಿ ಕೊಡುತ್ತಾರೆ. ಒಂದಕ್ಕೆ ಅಲ್ಲೇ ಕಫ ಕೊಡಬೇಕು, ಇನ್ನೊಂದಕ್ಕೆ ಬೆಳಗ್ಗೆ ಎದ್ದ ತಕ್ಷಣದ್ದು. ಒಂದು ಮಾತು ನೆನಪಿಡಿ. ಕಫ ತೆಗೆಯೋದು ಬಯಲಲ್ಲಿ ಆಗಲಿ. ನಿಮ್ಮ ಬಾತ್‌ರೂಮಿನಲ್ಲಿ ಖಂಡಿತ ಬೇಡ. ಬಾಗಿಲು ಹಾಕಿದ ಸಣ್ಣ ಜಾಗದಲ್ಲಿ ಕೆಮ್ಮಿದರೆ ಆಮೇಲೆ ಹೋಗುವವನು ಆ ಗಾಳಿಯನ್ನೇ ಉಸಿರಾಡುತ್ತಾನೆ. ಮತ್ತೆ, ಬರೀ ಎಂಜಲು ಕೊಟ್ಟರೆ ಪರೀಕ್ಷೆ ಸುಮ್ನೆ ಆಗುತ್ತದೆ. ಆಳವಾಗಿ ಎರಡು ಸಲ ಉಸಿರು ಎಳೆದು, ಎದೆಯಿಂದ ಕೆಮ್ಮಿ ತೆಗೆಯಲು ಹೇಳಿ.

ಅಷ್ಟರವರೆಗೆ ಅಜ್ಜನಿಗೆ ಮಾಸ್ಕ್ ಕೊಡಿ. ಕಿಟಕಿ ಪಕ್ಕ ಮಲಗಿಸಿ, ಒಳಗಿನ ಗಾಳಿ ಹೊರಗೆ ಹೋಗುವ ಕಡೆ.

ಸೀದಾಮಾತು
ನಾನು ಹೇಳೋದು ಕೆಲವರಿಗೆ ಇಷ್ಟ ಆಗಲ್ಲ. ಆ ಹತ್ತು ಜನ ಕೇಳಿದ್ದರಲ್ಲಿ ತಪ್ಪೇನಿದೆ? ಅವರೂ ಬಡವರೇ. ಹಮಾಲಿ ಮಾಡುವವನಿಗೆ ಶ್ವಾಸಕೋಶ ಹೋದರೆ ಕೆಲಸವೂ ಹೋಯಿತು. ಒಬ್ಬರ ಮೇಲಿನ ಕರುಣೆಗೆ 45 ಜನರನ್ನು ಅಪಾಯಕ್ಕೆ ಒಡ್ಡೋದು ನ್ಯಾಯವಾ? ಅಜ್ಜನನ್ನು ಬೀದಿಗೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆಗೆ ಸೇರಿಸಿ, ಗುಣ ಆದ ಮೇಲೆ ಬರಲಿ.

ತೊಗರಿ_ನಾಡು
ಸೀದಾಮಾತು ಅವರೇ, ಅಜ್ಜ ಮೂರು ವಾರದಿಂದ ಅಲ್ಲೇ ಮಲಗಿದ್ದಾರೆ. ಆ 45 ಜನ ಅದೇ ಗಾಳಿ ಉಸಿರಾಡಿ ಆಗಿದೆ. ಇವತ್ತು ಹೊರಗೆ ಹಾಕಿದರೆ ಅವರಿಗೆ ಏನು ಲಾಭ? ಯಾರಿಗೆ ಬಂದಿದೆ ಅಂತ ನೋಡುವುದು ಬಿಟ್ಟು, ಬಂದವನನ್ನು ಕಳೆದುಕೊಂಡ ಹಾಗೆ ಆಗುತ್ತದೆ.

ಇನ್ನೊಂದು ವಿಷಯ. ಆ ಬೋರ್ಡ್ ಇರುವುದರಿಂದಲೇ ಅಜ್ಜ ರಗ್ಗು ಕಚ್ಚಿಕೊಂಡು ಕೆಮ್ಮಿದ್ದು. ಬೋರ್ಡ್ ಇಲ್ಲದಿದ್ದರೆ ಮೊದಲನೇ ವಾರದಲ್ಲೇ "ಯಾಕೋ ಕೆಮ್ಮು ನಿಲ್ಲುತ್ತಿಲ್ಲ ಕಣಪ್ಪ" ಅಂತ ಬಂದು ಹೇಳುತ್ತಿದ್ದರು ಅಲ್ವಾ?

ಶ್ರೀರಂಗಪಟ್ಟಣ_ಸೇತುವೆ
ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ, ಅಂದರೆ ಟಿಬಿ ರೋಗಿಗಳನ್ನು ಇಟ್ಟುಕೊಂಡು ನೋಡುವ ಆಸ್ಪತ್ರೆ, ಇದೆಯಲ್ಲ, ಕೆಆರ್‌ಎಸ್ ರಸ್ತೆಯಲ್ಲಿ. ನಾಲ್ವಡಿಯವರ ಕಾಲದಲ್ಲಿ, 1921ರಲ್ಲಿ ಶುರುವಾದದ್ದು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಇಟ್ಟರು. ನಮ್ಮ ಅಜ್ಜಿಯ ಅಣ್ಣ ಅಲ್ಲಿ ಒಂದೂವರೆ ವರ್ಷ ಇದ್ದರಂತೆ. ಉದ್ದದ ಜಗುಲಿ, ಸಾಲಾಗಿ ಮಂಚ, ಬೆಳಗಿನ ಬಿಸಿಲು, ಹಾಲು, ಮೊಟ್ಟೆ. ಅಜ್ಜಿ ಬುತ್ತಿ ತಗೊಂಡು ಹೋಗಿ ದೂರದಿಂದಲೇ ಇಟ್ಟು ಬರುತ್ತಿದ್ದರಂತೆ. ಅಂಥ ಜಾಗಕ್ಕೆ ಕಳಿಸಲು ಆಗಲ್ವಾ?

ಹಳೇ_ಸ್ಟಾಫ್‌ನರ್ಸ್
ಆಗ ಔಷಧ ಇರಲಿಲ್ಲ ಸರ್. ಬಿಸಿಲು, ಗಾಳಿ, ಊಟವೇ ಔಷಧ. ಈಗ ಹಾಗಲ್ಲ. ಇದನ್ನು ನಮ್ಮ ದೇಶದಲ್ಲೇ ಸಾಬೀತು ಮಾಡಿದ್ದಾರೆ. 1956ರಲ್ಲಿ ಮದ್ರಾಸಿನಲ್ಲಿ ಅಧ್ಯಯನ ಶುರುವಾಯಿತು. ಕ್ಷಯ ಇದ್ದ ಬಡವರಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ ಇಟ್ಟರು. ಕೆಲವರಿಗೆ ಅವರ ಇಕ್ಕಟ್ಟಾದ ಮನೆಯಲ್ಲೇ ಮಾತ್ರೆ ಕೊಟ್ಟರು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಫಲಿತಾಂಶ. ಮನೆಯವರಿಗೆ ಹರಡಿದ್ದೂ ಮನೆಯಲ್ಲಿ ಉಳಿದವರಿಂದ ಜಾಸ್ತಿ ಆಗಿರಲಿಲ್ಲ. ಅದು ಬಂದ ಮೇಲೆ ಜಗತ್ತೇ ಸ್ಯಾನಟೋರಿಯಂ ಬಿಟ್ಟು ಮನೆಯಲ್ಲೇ ಚಿಕಿತ್ಸೆ ಕಡೆ ತಿರುಗಿತು.

ಸೀದಾಮಾತು ಅವರಿಗೂ ಇದೇ ಉತ್ತರ. ತುಂಬ ಸೊರಗಿದವರನ್ನು, ಬೇರೆ ತೊಂದರೆ ಇರುವವರನ್ನು ಅಡ್ಮಿಟ್ ಮಾಡುತ್ತಾರೆ. ಉಳಿದವರಿಗೆ ಮಾತ್ರೆ ಕೊಟ್ಟು ಕಳಿಸುತ್ತಾರೆ. ಸಾಮಾನ್ಯ ಟಿಬಿ ಆದರೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಮಾತ್ರೆ ಸರಿಯಾಗಿ ನಡೆದರೆ ಮೊದಲ ಎರಡು ವಾರದಲ್ಲೇ ಹರಡುವುದು ತುಂಬ ಕಡಿಮೆ ಆಗುತ್ತದೆ. ಅಪಾಯ ಇರೋದು ಪರೀಕ್ಷೆಯೇ ಮಾಡಿಸದೆ ಬಚ್ಚಿಟ್ಟುಕೊಂಡು ಕೆಮ್ಮುವ ದಿನಗಳಲ್ಲಿ.

ಕಾಫಿಪುಡಿ
ಟಿಬಿಗೆ ಬಿಸಿಜಿ ಲಸಿಕೆ ಎಲ್ಲರಿಗೂ ಹಾಕಿರ್ತಾರಲ್ಲ, ಅಷ್ಟು ಭಯ ಯಾಕೆ?

ತೊಗರಿ_ನಾಡು
ಬಿಸಿಜಿ ಚಿಕ್ಕ ಮಕ್ಕಳಿಗೆ ಮಿದುಳಿಗೆ ಹೋಗುವಂಥ ಕೆಟ್ಟ ಟಿಬಿ ಬರದ ಹಾಗೆ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಟಿಬಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಬಾಸ್ಟನ್_ಬಸವನಗುಡಿ
ನಾನಿರುವ ಊರು ಅಮೆರಿಕದ ಬಾಸ್ಟನ್. ಇಲ್ಲಿನ ಎರಡು ವಿಷಯ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು.

ಒಂದು, ಕೋವಿಡ್ ಸಮಯದ್ದು. ಇಲ್ಲಿ ಮೊದಮೊದಲು ಶೆಲ್ಟರ್‌ಗಳಲ್ಲಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿ, ಇದ್ದವರನ್ನಷ್ಟೇ ಬೇರೆ ಮಾಡುತ್ತಿದ್ದರು. 2020ರ ಏಪ್ರಿಲ್ ಶುರುವಿನಲ್ಲಿ ಒಂದು ದೊಡ್ಡ ಶೆಲ್ಟರ್‌ನಲ್ಲಿ ಎರಡು ದಿನದಲ್ಲಿ 408 ಜನರಿಗೆ ಟೆಸ್ಟ್ ಮಾಡಿದರು. 147 ಜನಕ್ಕೆ ಪಾಸಿಟಿವ್. ಅವರಲ್ಲಿ ಜ್ವರ ಇದ್ದದ್ದು ಒಬ್ಬರಿಗೆ! ಹತ್ತರಲ್ಲಿ ಒಂಬತ್ತು ಜನ ಆರಾಮಾಗಿ ಓಡಾಡಿಕೊಂಡಿದ್ದರು. ಅಂದರೆ ಬಾಗಿಲಲ್ಲಿ ಮುಖ ನೋಡಿ ಯಾರು ರೋಗಿ ಅಂತ ತೀರ್ಮಾನ ಮಾಡೋದು ಆಗದ ಮಾತು. ಆಮೇಲೆ ಊರಿನ ಕನ್ವೆನ್ಷನ್ ಸೆಂಟರ್‌ನಲ್ಲಿ 1000 ಹಾಸಿಗೆ ಹಾಕಿದರು. ಅದರಲ್ಲಿ 500 ಮನೆ ಇಲ್ಲದವರಿಗೇ ಇಟ್ಟರು. ಬೇರೆ ಇಡೋದು ಬೇರೆ, ಹೊರಗೆ ಹಾಕೋದು ಬೇರೆ.

ಎರಡನೆಯದು ಟಿಬಿಯದೇ. ಇಲ್ಲಿನ ಪೈನ್ ಸ್ಟ್ರೀಟ್ ಇನ್ ಅನ್ನೋ ಶೆಲ್ಟರ್‌ನಲ್ಲಿ 1980ರ ದಶಕದಲ್ಲಿ ಔಷಧಕ್ಕೆ ಬಗ್ಗದ ಟಿಬಿ ಹರಡಿತು. ಆಗ ಮುಖ್ಯವಾಗಿ ನೋಡಿದ್ದು ಗಾಳಿಯನ್ನು. ಗೋಡೆಯ ಮೇಲ್ಭಾಗದಲ್ಲಿ, ಮಲಗಿದವರ ಕಣ್ಣಿಗೆ ಬೀಳದ ಹಾಗೆ, ಸೂಕ್ಷ್ಮಾಣು ಕೊಲ್ಲುವ ನೇರಳಾತೀತ ದೀಪ ಹಾಕಿದರು. ನಿಮ್ಮಲ್ಲಿ ಅದು ಬೇಕಾಗಿಲ್ಲ. ಬೆಂಗಳೂರಿನ ಹವಾಮಾನದಲ್ಲಿ ಕಿಟಕಿ ತೆಗೆಯುವ ಭಾಗ್ಯ ಇದೆ. ಇಲ್ಲಿ ಜನವರಿಯಲ್ಲಿ ಕಿಟಕಿ ತೆಗೆದರೆ ಜನ ಹೆಪ್ಪುಗಟ್ಟುತ್ತಾರೆ.

ರಾತ್ರಿಪಾಳಿ
ಸರ್, ನಮ್ಮಲ್ಲಿ ಕಿಟಕಿ ತೆಗೆಯೋದೇ ದೊಡ್ಡ ಜಗಳ. ಪಕ್ಕದಲ್ಲೇ ರಾಜಕಾಲುವೆ. ಸೊಳ್ಳೆ ಅಂದರೆ ಸೊಳ್ಳೆ. ಸಂಜೆ ಆರಕ್ಕೆ ಎಲ್ಲ ಕಿಟಕಿ ಹಾಕಿ, ಮೂಲೆಗೊಂದು ಸೊಳ್ಳೆ ಬತ್ತಿ ಹಚ್ಚುತ್ತಾರೆ. ಡೆಂಗಿ ಭಯವೂ ಇದೆ, ಹೋದ ವರ್ಷ ಇಬ್ಬರಿಗೆ ಬಂದಿತ್ತು. ಈಗ ಟಿಬಿಗೆ ಕಿಟಕಿ ತೆಗಿ, ಡೆಂಗಿಗೆ ಕಿಟಕಿ ಹಾಕು ಅಂದರೆ ನಾನು ಏನು ಮಾಡಲಿ?

ಗಾಳಿಮಾತು_ಅಲ್ಲ
ಕಟ್ಟಡದ ಕೆಲಸ ನನ್ನದು, ಅದರಲ್ಲೂ ಆಸ್ಪತ್ರೆಗಳ ಗಾಳಿ ವ್ಯವಸ್ಥೆ. ಒಂದು ಪರೀಕ್ಷೆ ಹೇಳುತ್ತೇನೆ, ಎರಡು ರೂಪಾಯಿ ಖರ್ಚು. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ, ಕಿಟಕಿ ಬಾಗಿಲು ದಿನಾ ಹೇಗಿರುತ್ತದೋ ಹಾಗೇ ಇರಲಿ. ಒಂದು ಊದುಬತ್ತಿ ಹಚ್ಚಿ. ಮಲಗಿದವರ ತಲೆಯ ಎತ್ತರದಲ್ಲಿ ಹಿಡಿದು ಹಾಲ್‌ನ ನಾಲ್ಕೂ ಮೂಲೆ, ನಡುಭಾಗ ಸುತ್ತಿ. ಹೊಗೆ ಯಾವ ಕಡೆ ಓಡುತ್ತದೆ ನೋಡಿ. ಕಿಟಕಿ ಕಡೆ ಎಳೆದುಕೊಂಡು ಹೋದರೆ ಸರಿ. ಅಲ್ಲೇ ಸುರುಳಿ ಸುತ್ತಿಕೊಂಡು ನಿಂತರೆ, ಅಲ್ಲಿ ಕೆಮ್ಮಿದ್ದೂ ಹಾಗೇ ನಿಂತಿರುತ್ತದೆ. ಟಿಬಿ ಹನಿ ತುಂಬ ಸಣ್ಣದು, ಗಂಟೆಗಟ್ಟಲೆ ತೇಲುತ್ತದೆ.

ಫ್ಯಾನ್ ಇದೆ ಅಂತ ಸಮಾಧಾನ ಬೇಡ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ಕಲಕುತ್ತದೆ, ಹೊರಗೆ ಹಾಕಲ್ಲ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿ ತೆಗೆದಿಡಿ. ಎದುರು ಗೋಡೆಯ ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್, ಹೊರಗೆ ತಳ್ಳುವ ಹಾಗೆ. ಜಾಲರಿಗೆ ಧೂಳು ಕೂತರೆ ಗಾಳಿ ಬರಲ್ಲ, ವಾರಕ್ಕೊಮ್ಮೆ ಹಳೇ ಬ್ರಷ್‌ನಿಂದ ಉಜ್ಜಬೇಕು.

ಇನ್ನು ಜಾಗದ ಲೆಕ್ಕ. ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಶೆಲ್ಟರ್‌ಗೆ ಒಬ್ಬರಿಗೆ ಕನಿಷ್ಠ 50 ಚದರ ಅಡಿ ಅಂತ ಇದೆ. ತರ್ಟಿ ಫಾರ್ಟಿ ಅಂದರೆ 30 ಅಡಿಗೆ 40 ಅಡಿ, 1200 ಚದರ ಅಡಿ. ಅಂದರೆ 24 ಜನ. ನೀವು 46 ಮಲಗಿಸುತ್ತಿದ್ದೀರಿ.

ರಾತ್ರಿಪಾಳಿ
24 ಆದ ಮೇಲೆ 25ನೆಯವರು ಮಳೆಯಲ್ಲಿ ನೆನೆದು ಬಂದು ಬಾಗಿಲು ತಟ್ಟಿದರೆ ನಾನು ಹೇಗೆ ಇಲ್ಲ ಅನ್ನಲಿ ಸರ್.

ಗಾಳಿಮಾತು_ಅಲ್ಲ
ಅನ್ನಬೇಡಿ. ತಪ್ಪು ನಿಮ್ಮದಲ್ಲ. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ಮಲಗುವಷ್ಟು ಶೆಲ್ಟರ್ ಇರಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ. ಇಷ್ಟು ದೊಡ್ಡ ಊರಿಗೆ ಎಷ್ಟಾಗಬೇಕು ಲೆಕ್ಕ ಹಾಕಿ. ಜಾಸ್ತಿ ಜನ ಬಂದ ರಾತ್ರಿ ತಲೆ ಕಾಲು ಅದಲು ಬದಲು ಮಾಡಿ ಮಲಗಿಸಿ. ಒಬ್ಬರ ತಲೆ ಇರುವ ಕಡೆ ಪಕ್ಕದವರ ಕಾಲು. ಮುಖಕ್ಕೆ ಮುಖ ಎದುರಾಗುವುದು ತಪ್ಪುತ್ತದೆ.

ಹುಬ್ಬಳ್ಳಿ_ಅಕ್ಕ
ಟಿಬಿ ಮಾತಿನ ನಡುವೆ ನನ್ನದೊಂದು. ನಾನು ಹೆಂಗಸರ ಶೆಲ್ಟರ್ ನೋಡಿಕೊಳ್ಳುತ್ತೇನೆ. ನಮ್ಮನ್ನು ಜಾಸ್ತಿ ಗೋಳಾಡಿಸಿದ್ದು ಕಜ್ಜಿ. ಜನ ಇದನ್ನು ಸಣ್ಣ ಕಾಯಿಲೆ ಅಂದುಕೊಳ್ಳುತ್ತಾರೆ. ಒಂದು ಚಳಿಗಾಲ ಪೂರ್ತಿ ನಮ್ಮವರು ರಾತ್ರಿ ನಿದ್ದೆ ಮಾಡಲಿಲ್ಲ. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗ. ಕೆರೆದು ಕೆರೆದು ಕೀವಾಗಿ, ಒಬ್ಬ ತಾಯಿಗೆ ಕೈ ಮುಷ್ಟಿ ಮಾಡಲೂ ಆಗುತ್ತಿರಲಿಲ್ಲ. ಮನೆಗೆಲಸಕ್ಕೆ ಹೋಗುವ ಕಡೆ ಅವಳ ಕೈ ನೋಡಿ ಬೇಡ ಅಂದುಬಿಟ್ಟರು.

ಡಾಕ್ಟರು ಪರ್ಮೆಥ್ರಿನ್ ಕ್ರೀಮ್ ಕೊಟ್ಟರು. ನಾವು ಮಾಡಿದ ತಪ್ಪು ಏನು ಗೊತ್ತಾ? ಕೆರೆತ ಇರುವವರಿಗೆ ಮಾತ್ರ ಹಚ್ಚಿದ್ದು. ಮೊದಲ ಸಲ ಕಜ್ಜಿ ಹತ್ತಿದರೆ ಕೆರೆತ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಂತೆ. ಅಷ್ಟು ದಿನ ಹುಳು ಮೈಮೇಲೆ ಇರುತ್ತದೆ, ನಮಗೆ ಗೊತ್ತೇ ಆಗಲ್ಲ. ಒಬ್ಬರಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬರಿಗೆ. ಕೊನೆಗೆ ಒಂದು ರಾತ್ರಿ ಗೊತ್ತು ಮಾಡಿ, ಎಲ್ಲರಿಗೂ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿದೆವು. ನಾನೂ ಹಚ್ಚಿಕೊಂಡೆ. ಬೆಳಗ್ಗೆ ಸ್ನಾನ, ಬಟ್ಟೆಯೆಲ್ಲ ಕುದಿಯುವ ನೀರಿಗೆ. ರಗ್ಗು ಕುದಿಸಲು ಆಗಲ್ಲ, ಅದನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟೆವು. ಮೈ ಸಿಗದಿದ್ದರೆ ಹುಳು ಎರಡು ಮೂರು ದಿನಕ್ಕಿಂತ ಬದುಕಲ್ಲ. ವಾರದ ಮೇಲೆ ಮತ್ತೊಮ್ಮೆ ಕ್ರೀಮ್.

ಆದರೂ ಒಂದು ಸಲ ಕೈಕೊಟ್ಟಿತು. ಇಬ್ಬರು ಆ ರಾತ್ರಿ ಮದುವೆ ಮನೆ ಪಾತ್ರೆ ತೊಳೆಯಲು ಹೋಗಿದ್ದರು. ಅವರಿಂದ ಮತ್ತೆ ಶುರುವಾಯಿತು. ಎರಡನೇ ಸಲ ಮದುವೆ ಮುಹೂರ್ತ ಇಲ್ಲದ ದಿನ ನೋಡಿ ಇಟ್ಟುಕೊಂಡೆವು.

ಕಾಫಿಪುಡಿ
ಅಕ್ಕ, ಹಾಸ್ಟೆಲ್‌ನಲ್ಲಿ ನಮಗೂ ಹೀಗೇ ಆಗಿತ್ತು. ವಾರ್ಡನ್ ನಮಗೇ ಬೈದರು, ಸ್ನಾನ ಮಾಡಲ್ಲ ನೀವು ಅಂತ. ದಿನಾ ಎರಡು ಸಲ ಸ್ನಾನ ಮಾಡುವ ಹುಡುಗನಿಗೇ ಮೊದಲು ಬಂದಿದ್ದು.

ಹುಬ್ಬಳ್ಳಿ_ಅಕ್ಕ
ಅದೇ ನೋಡಿ ತಮ್ಮ. ಒತ್ತಿ ಮಲಗಿದರೆ ಯಾರಿಗಾದರೂ ಬರುತ್ತದೆ. ಕೊಳಕರು ಅಂತ ಬೈದರೆ ಕೈ ಬಚ್ಚಿಟ್ಟುಕೊಳ್ಳುತ್ತಾರೆ ಅಷ್ಟೇ.

ಮಾಗಡಿ_ರಸ್ತೆ
ಬೆಂಗಳೂರಿನವರು 2010 ಮರೆಯಬಾರದು. ಆಗಸ್ಟ್‌ನಲ್ಲಿ ನಮ್ಮ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನದಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ವಾಂತಿ ಭೇದಿ. ದಿನಾ ಪೇಪರ್‌ನಲ್ಲಿ ಅದೇ ಸುದ್ದಿ. ಶೆಲ್ಟರ್‌ಗಳು ಹೀಗೇ ಆದರೆ ಮುಚ್ಚುವುದೇ ವಾಸಿ.

ತೊಗರಿ_ನಾಡು
ಅದು ಶೆಲ್ಟರ್ ಅಲ್ಲ ಸರ್. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದು ಇಟ್ಟ ಜಾಗ. ರಾತ್ರಿ ಬಂದು ಮಲಗಿ ಬೆಳಗ್ಗೆ ಕೆಲಸಕ್ಕೆ ಹೋಗುವ ತಂಗುದಾಣಕ್ಕೂ ಅದಕ್ಕೂ ವ್ಯತ್ಯಾಸ ಇದೆ. ಹೊರಗೆ ಹೋಗಲು ಬಿಡದವರಿಗೆ ನೀರು, ಕಕ್ಕಸು, ಡಾಕ್ಟರು ಸರಿಯಾಗಿ ಇಲ್ಲದಿದ್ದರೆ ಅವರು ಬೇರೆಲ್ಲಿಗೆ ಹೋಗಬೇಕು? ಆ ಸಾವುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಮುಚ್ಚುವುದು ಪರಿಹಾರ ಅಲ್ಲ.

ಬಾಸ್ಟನ್_ಬಸವನಗುಡಿ
ಮುಚ್ಚಿದರೆ ಬೀದಿಯಲ್ಲಿ ಹರಡುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 2016ರ ಕೊನೆಯಿಂದ 2018ರವರೆಗೆ ಹೆಪಟೈಟಿಸ್ ಎ, ಅಂದರೆ ಕೊಳಕು ಕೈ, ನೀರು, ಊಟದಿಂದ ಹರಡುವ ಲಿವರ್ ಸೋಂಕು ಬಂತು. 592 ಜನಕ್ಕೆ ಬಂದು 20 ಜನ ಸತ್ತರು. ಹೆಚ್ಚಾಗಿ ಸಿಕ್ಕಿಬಿದ್ದವರು ಬೀದಿಯಲ್ಲಿ ಇದ್ದವರು. ಸಾಕಷ್ಟು ಶೌಚಾಲಯ ಇಲ್ಲ, ಕೈ ತೊಳೆಯಲು ನೀರಿಲ್ಲ. ಆಮೇಲೆ ಬೀದಿ ಬದಿ ಕೈ ತೊಳೆಯುವ ನಲ್ಲಿ ಇಟ್ಟರು, ಲಸಿಕೆ ಹಾಕಿದರು, ಬ್ಲೀಚ್ ಹಾಕಿ ಫುಟ್‌ಪಾತ್ ತೊಳೆದರು. ಅಷ್ಟು ಶ್ರೀಮಂತ ಊರು!

ರಾತ್ರಿಪಾಳಿ · ಶುಕ್ರವಾರ
ತಡವಾಗಿ ಬರೆಯುತ್ತಿದ್ದೇನೆ. ಅಜ್ಜನಿಗೆ ಟಿಬಿ ಅಂತ ಬಂತು. ಔಷಧಕ್ಕೆ ಬಗ್ಗುವಂಥದ್ದೇ ಅಂತ ರಿಪೋರ್ಟ್‌ನಲ್ಲಿದೆ. ಸಕ್ಕರೆ ಕಾಯಿಲೆಯೂ ಇದೆಯಂತೆ, ಅವರಿಗೇ ಗೊತ್ತಿರಲಿಲ್ಲ. ಮಾತ್ರೆ ಶುರು ಮಾಡಿದ್ದಾರೆ. ಮೊದಲ ದಿನ ಮೂತ್ರ ಕೆಂಪು ಬಂತು ಅಂತ ಹೆದರಿ ಓಡಿ ಬಂದರು. ಸಿಸ್ಟರ್ ಮೊದಲೇ ಹೇಳಿದ್ದರಿಂದ ನಾನು ಧೈರ್ಯ ಹೇಳಿದೆ, ಅದು ಮಾತ್ರೆಯ ಬಣ್ಣ ಅಂತ.

ಊದುಬತ್ತಿ ಹಚ್ಚಿ ನೋಡಿದೆ. ಅಜ್ಜ ಮಲಗುತ್ತಿದ್ದ ಮೂಲೆಯಲ್ಲಿ ಹೊಗೆ ನಿಂತೇ ಇತ್ತು. ಸುಮಾರು ಹೊತ್ತು ನೋಡಿದೆ. ಹುಡುಗರೂ ಎದ್ದು ಬಂದು ಸುತ್ತ ಕೂತರು. ಪಶ್ಚಿಮದ ಕಿಟಕಿ ಒಂದನ್ನು ತೆಗೆದ ತಕ್ಷಣ ಹೊಗೆ ದಾರದ ಹಾಗೆ ಎಳೆದುಕೊಂಡು ಹೋಯಿತು. ಮೊದಲು ಜಗಳ ತೆಗೆದಿದ್ದ ಹುಡುಗನೇ "ಅಣ್ಣಾ, ಇದನ್ನು ತೆಗೆದೇ ಇಡೋಣ, ನಾನು ಬಲೆ ತರ್ತೀನಿ" ಅಂದ. ಅಜ್ಜನಿಗೆ ಆ ಕಿಟಕಿ ಪಕ್ಕ ಜಾಗ ಮಾಡಿದ್ದೇವೆ.

ಬೋರ್ಡ್ ತೆಗೆಯಲು ಮೇಲಿನವರನ್ನು ಕೇಳಿದ್ದೇನೆ, ಒಪ್ಪಿಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಅದರ ಪಕ್ಕದಲ್ಲೇ ರಟ್ಟಿನ ಮೇಲೆ ಬರೆದು ಹಾಕಿದ್ದೇನೆ. "ಎರಡು ವಾರದಿಂದ ಕೆಮ್ಮು, ಜ್ವರ, ಮೈಮೇಲೆ ಕೆರೆತ ಇದ್ದರೆ ಹೇಳಿ. ನಿಮ್ಮ ಜಾಗ ಹೋಗಲ್ಲ."

ಈಗ ಹಣದ ತೊಂದರೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ ಅಂದರು. ಬ್ಯಾಂಕ್ ಖಾತೆ ಕೇಳುತ್ತಾರೆ. ಅಜ್ಜನ ಆಧಾರ್ ಬಸ್‌ಸ್ಟ್ಯಾಂಡಿನಲ್ಲಿ ಚೀಲದ ಜೊತೆ ಕಳುವಾಗಿದೆ.

ಹಳೇ_ಸ್ಟಾಫ್‌ನರ್ಸ್
ಟಿಬಿ ರೋಗಿಗಳಿಗೆ ಸರ್ಕಾರ ಕೊಡುವ ನಿಕ್ಷಯ ಪೋಷಣ್ ದುಡ್ಡು ಅದು. ಮೊದಲು 500 ಇತ್ತು, 2024ರ ನವೆಂಬರ್‌ನಿಂದ 1000. ಆಧಾರ್ ನಂಬರ್ ನೆನಪಿಲ್ಲದಿದ್ದರೂ ಬೆರಳಚ್ಚು ಕೊಟ್ಟು ಸೇವಾ ಕೇಂದ್ರದಲ್ಲಿ ಹುಡುಕಿಸಬಹುದು. ಪೋಸ್ಟ್ ಆಫೀಸ್ ಬ್ಯಾಂಕಿನಲ್ಲಿ ಖಾತೆ ತೆರೆಯಲು ಜೊತೆಗೆ ನೀವೇ ಹೋಗಿ. ಒಬ್ಬರನ್ನೇ ಕಳಿಸಿದರೆ ಕೌಂಟರ್‌ನಲ್ಲಿ ವಾಪಸ್ ಕಳಿಸುತ್ತಾರೆ, ಅಜ್ಜ ಮತ್ತೆ ಹೋಗಲ್ಲ. ಏನಾದರೂ ಕೇಳಬೇಕಾದರೆ ನಿಕ್ಷಯ ಸಹಾಯವಾಣಿ 1800-11-6666.

ಅಜ್ಜ ಊರಿಗೆ ಹೋಗುವ ಯೋಚನೆ ಮಾಡಿದರೆ ಮೊದಲೇ ಹೇಳಲಿ. ಟಿಬಿ ಚಿಕಿತ್ಸೆಗೆ ಹೆಸರು ಬರೆಸಿದಾಗ ಕೊಡುವ ನಿಕ್ಷಯ ನಂಬರ್ ಇದ್ದರೆ ಅಲ್ಲಿನ ಆಸ್ಪತ್ರೆಗೆ ವರ್ಗ ಮಾಡುತ್ತಾರೆ. ಜಾತ್ರೆಗೆ ಅಂತ ಹೋಗಿ ಮಾತ್ರೆ ಬಿಟ್ಟವರು ನನ್ನ ಕಣ್ಣೆದುರೇ ಎಷ್ಟು ಜನ! ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಮುಚ್ಚಿಡೋದು ಬೇಡ, ಈ ಮಾತ್ರೆ ಲಿವರ್ ಮೇಲೆ ಬೀಳುತ್ತದೆ. ಕಣ್ಣು ಹಳದಿ ಆದರೆ ಅವತ್ತೇ ಕರೆದುಕೊಂಡು ಹೋಗಿ.

ಹುಬ್ಬಳ್ಳಿ_ಅಕ್ಕ
ತಟ್ಟೆ ಲೋಟ ಬೇರೆ ಇಟ್ಟಿದ್ದೀರಾ ತಮ್ಮ?

ರಾತ್ರಿಪಾಳಿ
ಇಟ್ಟಿದ್ದರು ಅಕ್ಕ. ಅಜ್ಜನೇ ಲೋಟಕ್ಕೆ ಕೆಂಪು ದಾರ ಕಟ್ಟಿಕೊಂಡಿದ್ದರು.

ಹಳೇ_ಸ್ಟಾಫ್‌ನರ್ಸ್
ಬಿಚ್ಚಿಸಿ ಆ ದಾರ. ಟಿಬಿ ತಟ್ಟೆ ಲೋಟದಿಂದ ಬರಲ್ಲ. ತೊಳೆದರೆ ಸಾಕು.

ಸೀದಾಮಾತು
ಅಜ್ಜನಿಗೆ ಔಷಧ ಶುರುವಾಗಿದ್ದು ಖುಷಿ. ನನ್ನ ಪ್ರಶ್ನೆ ಇನ್ನೂ ಅಲ್ಲೇ ಇದೆ. ಉಳಿದ 45 ಜನರ ಎಕ್ಸ್‌ರೇ ಆಯಿತಾ? ಅವರ ಹಕ್ಕು ಅದು. ಅದನ್ನು ಯಾರೂ ಬರೆಯುತ್ತಿಲ್ಲ.

ರಾತ್ರಿಪಾಳಿ
ನ್ಯಾಯವಾದ ಪ್ರಶ್ನೆ ಸರ್. ಪೂರ್ತಿ ಆಗಿಲ್ಲ. ಆರೋಗ್ಯ ಕೇಂದ್ರ ತೆಗೆದಿರುವ ಹೊತ್ತಿನಲ್ಲಿ ನಮ್ಮವರೆಲ್ಲ ಕೆಲಸದಲ್ಲಿರುತ್ತಾರೆ. ಒಂದು ದಿನ ಬಿಟ್ಟರೆ ಕೂಲಿ ಹೋಯಿತು, ಮೇಸ್ತ್ರಿ ಮಾರನೇ ದಿನ ಕರೆಯಲ್ಲ. ಹೋಗಿ ಬಂದವರು 19 ಜನ. ಅವರಲ್ಲಿ ಒಬ್ಬ ಹುಡುಗನಿಗೆ ಎಕ್ಸ್‌ರೇಯಲ್ಲಿ ಏನೋ ಕಂಡಿದೆ, ಕೆಮ್ಮೇ ಇಲ್ಲ ಅವನಿಗೆ! ಕಫ ಕೊಟ್ಟಿದ್ದಾನೆ.

ಹಳೇ_ಸ್ಟಾಫ್‌ನರ್ಸ್
ಅದಕ್ಕೇ ಎಲ್ಲರಿಗೂ ಎಕ್ಸ್‌ರೇ ಬೇಕು ಅನ್ನೋದು. ಈಗ ಕೈಯಲ್ಲಿ ಹಿಡಿದು ತರುವಂಥ ಎಕ್ಸ್‌ರೇ ಯಂತ್ರ ಬಂದಿದೆ. ಟಿಬಿ ವಿಭಾಗದ ಮೇಲ್ವಿಚಾರಕರನ್ನು ಕೇಳಿ, ಶೆಲ್ಟರ್‌ಗೇ ಬರಲಿ, ರಾತ್ರಿ ಎಂಟರ ಮೇಲೆ ಅಥವಾ ಬೆಳಗ್ಗೆ ಆರಕ್ಕೆ ಮೊದಲು. ಪತ್ರದಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಕಾಯಿಲೆ ಇಲ್ಲ ಅಂತ ಬಂದವರಿಗೆ ಟಿಬಿ ಬರದ ಹಾಗೆ ತಡೆಯುವ ಮಾತ್ರೆ ಬೇಕಾ ಅಂತಲೂ ಡಾಕ್ಟರನ್ನು ಕೇಳಿ.

ಸೀದಾಮಾತು
ಪತ್ರ ಬರೆಯಲು ನಾನು ಸಹಾಯ ಮಾಡುತ್ತೇನೆ. ಒಳಗೆ ಮೆಸೇಜ್ ಹಾಕಿ.

ಗಾಳಿಮಾತು_ಅಲ್ಲ
ಜಾಲರಿ ನನ್ನ ಕಡೆಯಿಂದ. ಕಿಟಕಿಯ ಅಳತೆ ಕಳಿಸಿ.

ರಾತ್ರಿಪಾಳಿ
ನಾಲ್ಕು ಕಿಟಕಿ ಸರ್. ಅದರಲ್ಲಿ ಮೂರು ಕಿಟಕಿ ನಾಲ್ಕು ಅಡಿಗೆ ಮೂರು ಅಡಿ. ಕಕ್ಕಸಿನ ಕಡೆಯದು ಎರಡಕ್ಕೆ ಎರಡು, ಅದರ ಕೀಲು ತುಕ್ಕು ಹಿಡಿದು ತೆಗೆಯಲು ಬರುತ್ತಿಲ್ಲ. ಭಾನುವಾರ ಹುಡುಗರಿಗೆ ಮಂಡಿ ರಜೆ, ಅವತ್ತು ಬಂದರೆ ಎಲ್ಲರೂ ಕೈ ಜೋಡಿಸುತ್ತಾರೆ.